ಗೊರಗುಟ್ಟದ ಟೀವಿ

ಐ.ಡಿ.ಹಳ್ಳಿ
2 ಸೆಪ್ಟೆಂಬರ್ 1987

ಶ್ರೀ ಕ್ಯಾತಣ್ಣನವರಿಗೆ,

ಮಧುಗಿರಿಯ ಗಂಗಾಧರಯ್ಯ ಬರೆಯುವುದು. ಐದು ವರ್ಷ ಮಾತಿಲ್ಲ ಕತೆಯಿಲ್ಲ. ಈಗ ಇದ್ದಕ್ಕಿದ್ದಂತೆ ನನ್ನ ಕಾಗದ ಕಂಡರೆ ತಾವು ಹರಿದು ಒಲೆಗೆ ಹಾಕುವುದು ಗೊತ್ತು. ಹಾಕುವ ಮೊದಲು ಒಂದು ಸಲ ಓದಬೇಕಾಗಿ ಕೋರಿಕೆ. ಕ್ಷೇಮ ಕೇಳುವ ಸಲಿಗೆ ಉಳಿದಿಲ್ಲವಾದ್ದರಿಂದ ನೇರ ಕೆಲಸದ ವಿಷಯಕ್ಕೆ ಬರುತ್ತೇನೆ.

ಬೆಂಗಳೂರಿನ ಒಂದು ಪರೀಕ್ಷಾಲಯದವರು ಐ.ಡಿ.ಹಳ್ಳಿಯ ಹೊರಗೆ ಕಡಲೆಕಾಯಿ ಹೊಲವೊಂದನ್ನು ಗುತ್ತಿಗೆಗೆ ಹಿಡಿದಿದ್ದಾರೆ. ಸುತ್ತಮುತ್ತ ಕಾರ್ಖಾನೆಯಿಲ್ಲ, ದಿನಕ್ಕೆ ನಾಲ್ಕು ಬಸ್ಸು ಬಿಟ್ಟರೆ ಮೋಟಾರಿಲ್ಲ. ಕರೆಂಟಿನ ಸಾಮಾನುಗಳು ಅಕ್ಕಪಕ್ಕದ ರೇಡಿಯೋಗಳನ್ನು ಎಷ್ಟು ಕೆಡಿಸುತ್ತವೆ ಎಂದು ಅಳೆಯುವುದಕ್ಕೆ ಇಂಥ ಜಾಗವೇ ಬೇಕಂತೆ. ಹೊಲದ ನಡುವೆ ಒಂದು ಮೊಳೆಯೂ ಇಲ್ಲದ ಮರದ ತಿರುಗು ಮೇಜು, ಹತ್ತು ಮೀಟರ್ ದೂರದಲ್ಲಿ ಕಂಬದ ಮೇಲೆ ಏರಿಳಿಯುವ ಆಂಟೆನಾ, ಗುಡಿಸಲಿನೊಳಗೆ ಮುಳ್ಳಾಡುವ ಮೀಟರು. ಮೀಟರಿನ ಮುಂದೆ ಕೂರುವ ತಾತ್ಕಾಲಿಕ ನೌಕರ ನಾನು.

ಮೊದಲ ಕೆಲಸವೇ ಕುತ್ತಿಗೆಗೆ ಬಂದಿದೆ. ಟೀವಿಗೆ ಸಿಕ್ಕಿಸಿ ಮಕ್ಕಳು ಆಡುವ ಆಟದ ಪೆಟ್ಟಿಗೆಯೊಂದನ್ನು ಪರೀಕ್ಷೆಗೆ ಕಳಿಸಿದ್ದಾರೆ. ಪಕ್ಕದಲ್ಲಿ ಟೀವಿ ಇಲ್ಲದಿದ್ದರೆ ಪೆಟ್ಟಿಗೆ ನಡೆಯುವುದಿಲ್ಲ. ಟೀವಿ ಇಟ್ಟರೆ ಪೆಟ್ಟಿಗೆಗಿಂತ ಅದೇ ಹೆಚ್ಚಾಗಿ ರೇಡಿಯೋವನ್ನು ಗೊರಗುಟ್ಟಿಸುತ್ತದೆ. ಗದ್ದಲ ಯಾರದೆಂದು ಆಂಟೆನಾಕ್ಕೆ ತಿಳಿಯುವುದಿಲ್ಲ, ಅಪವಾದ ಪೆಟ್ಟಿಗೆಯ ತಲೆಗೆ ಬರುತ್ತದೆ. ಜೊತೆಗೆ ನಿಲ್ಲುವ ಟೀವಿ ಮೊದಲು ತಾನು ಸುಮ್ಮನಿರಬೇಕು. ಬೆಂಗಳೂರಿನಿಂದ ಮೂರು ಟೀವಿ ತಂದೆವು. ಮೂರೂ ಒಂಟಿಯಾಗಿ ಹಚ್ಚಿದಾಗಲೇ ಮುಳ್ಳನ್ನು ಕೆಂಪು ಗೆರೆ ದಾಟಿಸಿದವು. ನವೆಂಬರ್ ಮುಗಿಯುವುದರೊಳಗೆ ತಕ್ಕ ಟೀವಿ ಹುಡುಕಿದರೆ ನನ್ನ ಕೆಲಸ ಖಾಯಂ, ಇಲ್ಲದಿದ್ದರೆ ಹೊಲ ರೈತನಿಗೆ ವಾಪಸ್, ನಾನು ಮನೆಗೆ ವಾಪಸ್ ಎಂದು ಸಾಹೇಬರು ಹೇಳಿಬಿಟ್ಟಿದ್ದಾರೆ.

ಈ ಸುತ್ತಿನ ತಾಲ್ಲೂಕುಗಳಲ್ಲಿ ಟೀವಿ ರಿಪೇರಿಗೆಂದು ತಮ್ಮಷ್ಟು ಮನೆ ಹೊಕ್ಕವರಿಲ್ಲ. ಯಾರ ಮನೆಯ ಟೀವಿ ಕಡಿಮೆ ಗೊರಗುಟ್ಟಿಸುತ್ತದೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಹಳೆಯದನ್ನು ಎತ್ತುವುದು ಬೇಡ.

ಇತಿ,
ಎಸ್. ಗಂಗಾಧರಯ್ಯ


ಶಿರಾ
14 ಸೆಪ್ಟೆಂಬರ್ 1987

ಮಹಾರಾಜರಾಜಶ್ರೀ ಗಂಗಾಧರಯ್ಯನವರ ಸನ್ನಿಧಾನಕ್ಕೆ,

ತಮ್ಮ ಕಾಗದ ಒಲೆಗೆ ಹೋಗಲಿಲ್ಲ. ಈಗ ನಮ್ಮ ಮನೆಯಲ್ಲಿರುವುದು ಸೀಮೆಎಣ್ಣೆ ಸ್ಟವ್, ಅದಕ್ಕೆ ಕಾಗದ ಬೇಕಿಲ್ಲ.

ಹಳೆಯದನ್ನು ಎತ್ತಬೇಡ ಎಂದಿದ್ದೀರಿ. ಎತ್ತುವುದಿಲ್ಲ, ಸುಮ್ಮನೆ ನೆನಪು ಮಾಡುತ್ತೇನೆ. ಮಧುಗಿರಿಯಲ್ಲಿ ನಾವಿಬ್ಬರೂ ಸೇರಿ ರೇಡಿಯೋ ಅಂಗಡಿ ಇಟ್ಟಿದ್ದಾಗ ವಕೀಲರೊಬ್ಬರ ರೇಡಿಯೋ ಗೊರಗೊರ ಎನ್ನುತ್ತಾ ಬಂದಿತ್ತು. ರೇಡಿಯೋದ್ದು ತಪ್ಪಿಲ್ಲ, ಅವರ ಮನೆಯ ಹೊಸ ಟ್ಯೂಬ್‌ಲೈಟಿನದು ಈ ಕಾಟ ಎಂದು ನಾನು ಹೇಳಿದೆ. ತಾವು ಎಂಟು ಜನ ಗಿರಾಕಿಗಳ ಮುಂದೆ “ನಿಂಗೆ ಕಿವಿ ಎಲ್ಲೈತ್ಲಾ, ಬುಡು ಅತ್ಲಾಗೆ” ಎಂದು ನಕ್ಕಿರಿ. ಎರಡು ದಿನ ಆ ಬಡ ರೇಡಿಯೋದ ಕರುಳು ಬಗೆದಿರಿ. ಮೂರನೆಯ ದಿನ ವಕೀಲರ ಮನೆಗೆ ಹೋಗಿ, ಟ್ಯೂಬ್‌ಲೈಟ್ ಆರಿಸಿ, ಇದನ್ನು ನಾನೇ ಕಂಡುಹಿಡಿದೆ ಎಂದು ಹೇಳಿ ಬಂದಿರಿ. ಅವತ್ತು ಸಂಜೆಯೇ ನಾನು ಕೈಚೀಲ ಕಟ್ಟಿಕೊಂಡು ಶಿರಾ ಬಸ್ಸು ಹತ್ತಿದೆ. ನೆನಪು ಮಾಡುವುದು ಇಲ್ಲಿಗೆ ಮುಗಿಯಿತು.

ಈಗ ಕಿವಿಯಿಲ್ಲದವನ ಸಲಹೆ ಕೇಳಿ. ಜೇಬಿನಲ್ಲಿ ಹಿಡಿಯುವ ಟ್ರಾನ್ಸಿಸ್ಟರ್ ಒಂದನ್ನು ತೆಗೆದುಕೊಂಡು, ಯಾವ ಸ್ಟೇಷನ್ನೂ ಬಾರದ ಕಡೆ ಮುಳ್ಳು ನಿಲ್ಲಿಸಿ. ಹಚ್ಚಿದ ಟೀವಿಯ ಮುಂದೆ ಹಿಡಿಯಿರಿ, ಗೊರಗೊರ ಎನ್ನುತ್ತದೆ. ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೋಗಿ. ಎಷ್ಟನೆಯ ಹೆಜ್ಜೆಗೆ ಸುಮ್ಮನಾಯಿತೋ ಅದೇ ಆ ಟೀವಿಯ ಯೋಗ್ಯತೆ. ಮೂರು ಹೆಜ್ಜೆಯೊಳಗೆ ನಿಂತರೆ ಕಣ್ಣಿಗೊತ್ತಿಕೊಂಡು ಹೊಲಕ್ಕೆ ಹೊತ್ತುಕೊಂಡು ಹೋಗಿ. ಮೊದಲು ಕೊರಟಗೆರೆಯ ಬಟ್ಟೆ ಅಂಗಡಿ ಲಕ್ಷ್ಮಯ್ಯನನ್ನು ನೋಡಿ, ಆಮೇಲೆ ಪಾವಗಡದ ಓಬಳಯ್ಯನನ್ನು. ಬಹಳ ಒಳ್ಳೆಯ ಟೀವಿಗಳು.

ಇಂತಿ,
ಕ್ಯಾತಣ್ಣ, ಟೀವಿ ಮತ್ತು ರೇಡಿಯೋ (ಎರಡೂ ಕಿವಿ ಸರಿಯಾಗಿವೆ)


ಐ.ಡಿ.ಹಳ್ಳಿ
6 ಅಕ್ಟೋಬರ್ 1987

ಶ್ರೀ ಕ್ಯಾತಣ್ಣನವರಿಗೆ,

ತಮ್ಮ ಸಲಹೆಯಂತೆ ಎರಡೂ ಊರಿಗೆ ಹೋಗಿ ಬಂದೆ. ವರದಿ ಒಪ್ಪಿಸುತ್ತಿದ್ದೇನೆ.

ಕೊರಟಗೆರೆಯಲ್ಲಿ ಲಕ್ಷ್ಮಯ್ಯ, ಟೀವಿ ಅಳೆಯಲು ಬಂದಿದ್ದೇನೆ ಎಂದ ಕೂಡಲೇ ಬೆವರಿದ. ಟೀವಿಗೆ ಲೈಸೆನ್ಸ್ ಕಟ್ಟುವ ಕಾಲ ಮುಗಿದುಹೋಗಿದ್ದರೂ ಲೈಸೆನ್ಸ್ ಇನ್‌ಸ್ಪೆಕ್ಟರ ಭಯ ಇನ್ನೂ ಮುಗಿದಿಲ್ಲ. ನಮ್ಮಲ್ಲಿ ಟೀವಿಯೇ ಇಲ್ಲ ಎಂದ. ಮೇಜಿನ ಮೇಲೆ ಟೀವಿಯಗಲದ ಧೂಳಿಲ್ಲದ ಜಾಗ ನನ್ನನ್ನೇ ನೋಡುತ್ತಿತ್ತು. ಒಂದು ಗಂಟೆ ಸಮಾಧಾನ ಹೇಳಿದ ಮೇಲೆ ಒಳಕೋಣೆಗೆ ಕರೆದುಕೊಂಡು ಹೋಗಿ ಎರಡು ಕಂಬಳಿ, ನಾಲ್ಕು ಕೌದಿ ಹೊದೆಸಿದ ಗುಡ್ಡೆಯೊಂದನ್ನು ತೋರಿಸಿದ. ಟ್ರಾನ್ಸಿಸ್ಟರ್ ಹಿಡಿದೆ. ಒಂದು ಚೂರು ಗೊರಗೊರವಿಲ್ಲ. ಹಿಂದೆ ಹೋದೆ, ಮುಂದೆ ಬಂದೆ, ಗುಡ್ಡೆಯ ಮೇಲೇ ಇಟ್ಟು ನೋಡಿದೆ. ನನ್ನ ಪುಸ್ತಕದಲ್ಲಿ ಸೊನ್ನೆ ಹೆಜ್ಜೆ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಹೊತ್ತುಕೊಂಡು ಹೋಗಲು ಹಗ್ಗವನ್ನೂ ಕೇಳಿದೆ. ಆಗ ಅವನ ತಾಯಿ “ವೈರೇ ಸಿಕ್ಸಿಲ್ಲ ಕಣಪ್ಪ ಅದ್ಕೆ” ಎಂದರು.

ಸೊನ್ನೆಯನ್ನು ಹೊಡೆದುಹಾಕಿದೆ. ವೈರು ಸಿಕ್ಕಿಸಿದ ಮೇಲೆ ಹದಿನಾಲ್ಕು ಹೆಜ್ಜೆ. ಹದಿಮೂರನೆಯದು ಬೀದಿಯಲ್ಲಿ, ಹದಿನಾಲ್ಕನೆಯದು ಎದುರುಮನೆಯ ಕರಿಬಸಮ್ಮನವರು ಒಣಹಾಕಿದ್ದ ಸಂಡಿಗೆಯಲ್ಲಿ. ನಾನು ಹಿಂದಕ್ಕೆ ನಡೆಯುತ್ತಿದ್ದೆನೆಂದು ಆಕೆಗೆ ಎಷ್ಟು ಹೇಳಿದರೂ, ಮನುಷ್ಯರು ಹಾಗೆ ನಡೆಯುತ್ತಾರೆಂದು ಆಕೆ ನಂಬಲಿಲ್ಲ.

ಪಾವಗಡದ್ದು ಇನ್ನೊಂದು ರೀತಿ. ಟ್ರಾನ್ಸಿಸ್ಟರ್ ಗರ್ಜಿಸಿದ ಕೂಡಲೇ ಓಬಳಯ್ಯನ ಮುಖ ಅರಳಿತು. ತನ್ನ ಟೀವಿಗೆ ಅಷ್ಟು ಶಕ್ತಿ ಎಂದುಕೊಂಡ. “ಮಾ ಟೀವೀಕಿ ಎಂತ ಪವರುಂದೋ ಚೂಡಂಡಿ” ಎಂದು ತೆಲುಗಿನಲ್ಲಿ ಕೂಗಿ, ಅದರ ಪವರು ನೋಡಲು ಬೀದಿಯವರನ್ನೆಲ್ಲ ಕರೆದ. ನನ್ನ ಜೊತೆಯಲ್ಲೇ ಎಲ್ಲರೂ ಹೆಜ್ಜೆ ಎಣಿಸಿದರು. ಇಪ್ಪತ್ತೊಂದಕ್ಕೆ ನಿಂತಾಗ ಚಪ್ಪಾಳೆ ತಟ್ಟಿದರು. ಪಕ್ಕದ ಮನೆಯವನು ತನ್ನದನ್ನೂ ಅಳೆಯಲೇಬೇಕೆಂದು ಎಳೆದುಕೊಂಡು ಹೋದ. ಹದಿನೇಳು ಬಂದದ್ದಕ್ಕೆ ಅವನ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬೀದಿಯಲ್ಲಿ ಒಟ್ಟು ಐದು ಟೀವಿ ಅಳೆದೆ. ಗೆದ್ದ ಓಬಳಯ್ಯನಿಗೆ ಹಾರ ಹಾಕಿದರು, ನನಗೆ ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು ಕೊಟ್ಟು ಕಳಿಸಿದರು. ಟೀವಿ ಮಾತ್ರ ಸಿಗಲಿಲ್ಲ.

ಇವು ಒಳ್ಳೆಯ ಟೀವಿಗಳೆಂದು ತಮಗೆ ಯಾವ ಆಧಾರದಿಂದ ಅನ್ನಿಸಿತು ಎಂದು ತಿಳಿಯಲಿಲ್ಲ. ಬೇರೆ ಹೆಸರಿದ್ದರೆ ತಿಳಿಸಿ. ಇನ್ನು ಎಂಟು ವಾರವೂ ಉಳಿದಿಲ್ಲ.

ಇತಿ,
ಎಸ್. ಗಂಗಾಧರಯ್ಯ


ಶಿರಾ
13 ಅಕ್ಟೋಬರ್ 1987

ಗಂಗಾಧರಯ್ಯನವರಿಗೆ,

ವರದಿಯನ್ನು ನಮ್ಮ ಮನೆಯಾಕೆ ಕರಿಯಕ್ಕನಿಗೆ ಎರಡು ಸಲ ಓದಿ ಹೇಳಿದೆ. ಸಂಡಿಗೆಯ ಭಾಗವನ್ನು ಮೂರು ಸಲ. ಒಳ್ಳೆಯ ಟೀವಿ ಎಂದದ್ದು ಚಿತ್ರದ ಲೆಕ್ಕದಲ್ಲಿ. ಚಿತ್ರ ಚೆನ್ನಾಗಿರಲಿಲ್ಲವೇ?

ಬಡವನಹಳ್ಳಿಯ ಕಾಡಸಿದ್ದಪ್ಪನ ಮನೆಗೆ ಹೋಗಿ. ಊರಿನಲ್ಲೇ ಎತ್ತರದ ಆಂಟೆನಾ ಅವನದು, ದೂರದಿಂದಲೇ ಕಾಣುತ್ತದೆ. ಆ ಮನೆಯಲ್ಲಿ ಒಂದು ಹೆಜ್ಜೆಯಷ್ಟೂ ಗೊರಗೊರ ಸಿಕ್ಕುವುದಿಲ್ಲವೆಂದು ನಾನು ಬರೆದುಕೊಡುತ್ತೇನೆ.

ಇಂತಿ,
ಕ್ಯಾತಣ್ಣ


ಐ.ಡಿ.ಹಳ್ಳಿ
30 ಅಕ್ಟೋಬರ್ 1987

ಕ್ಯಾತಣ್ಣನವರಿಗೆ,

ತಾವು ಬರೆದುಕೊಟ್ಟದ್ದು ನಿಜ. ಕಾಡಸಿದ್ದಪ್ಪನ ಮನೆಯಲ್ಲಿ ಗೊರಗೊರ ಇಲ್ಲ, ಏಕೆಂದರೆ ಟೀವಿ ಇಲ್ಲ. ಮಗಳನ್ನು ನೋಡಲು ಬರುವ ಗಂಡಿನ ಕಡೆಯವರಿಗೆ ಕಾಣಲೆಂದು ಬರೀ ಆಂಟೆನಾ ನಿಲ್ಲಿಸಿಕೊಂಡಿದ್ದಾನೆ. ಅದರ ತಂತಿ ಹೆಂಚಿನ ಸಂದಿನಿಂದ ಇಳಿದು ಅಕ್ಕಿ ಡಬ್ಬದ ಹಿಂದೆ ಮುಗಿಯುತ್ತದೆ. ಇಷ್ಟು ಚೆನ್ನಾಗಿ ನಿಲ್ಲಿಸಿಕೊಟ್ಟವರು ಯಾರು ಎಂದು ಕೇಳಿದೆ. ಶಿರಾದ ಕ್ಯಾತಣ್ಣ ಎಂದ.

ನಾನು ಎಂಟು ಜನರ ಮುಂದೆ ನಕ್ಕಿದ್ದೆ. ತಾವು ಮೂರು ತಾಲ್ಲೂಕಿನಲ್ಲಿ ನನ್ನನ್ನು ನಗೆಪಾಟಲು ಮಾಡಿದಿರಿ. ಸಮಕ್ಕೆ ಸಮ ಆಯಿತು. ಇನ್ನು ಈ ವಿಷಯದಲ್ಲಿ ತಮಗೆ ತೊಂದರೆ ಕೊಡುವುದಿಲ್ಲ.

ಎಸ್. ಗಂಗಾಧರಯ್ಯ


ಮಧುಗಿರಿ
9 ನವೆಂಬರ್ 1987

ಕ್ಯಾತಣ್ಣನಿಗೆ ನಿನ್ನ ತಂಗಿ ರಾಮಾಂಜಿನಮ್ಮ ಮಾಡುವ ನಮಸ್ಕಾರ.

ಒಡಹುಟ್ಟದಿದ್ದರೂ ನಿನ್ನನ್ನು ಅಣ್ಣನೆಂದೇ ಕರೆದ ಸಲಿಗೆಯಿಂದ ಬರೆಯುತ್ತಿದ್ದೇನೆ, ಇದು ನಮ್ಮ ಮನೆಯವರಿಗೆ ಗೊತ್ತಿಲ್ಲ. ಈ ಐದು ವರ್ಷ ನಿನ್ನ ಕ್ಷೇಮ ನನಗೆ ಕರಿಯಕ್ಕನಿಂದ ತಿಳಿಯುತ್ತಿತ್ತು. ನಮ್ಮ ಮನೆಯ ವಿಷಯ ಮಾತ್ರ ಆಕೆಗೂ ಹೇಳದಂತೆ ಇವರು ನನ್ನ ಬಾಯಿ ಕಟ್ಟಿದ್ದರು. ಈಗ ಹೇಳುತ್ತೇನೆ. ಅಂಗಡಿ ಯುಗಾದಿಗೇ ಮುಚ್ಚಿತು. ರೇಡಿಯೋ ತರುವವರೇ ಇಲ್ಲ, ಟೀವಿಯ ಕೆಲಸ ಇವರು ಕಲಿಯಲಿಲ್ಲ. ಬೋರ್ಡು ಇಳಿಸಿ ತಂದು ಹಿತ್ತಲ ಬಾಗಿಲಿಗೆ ಅಡ್ಡ ಇಟ್ಟಿದ್ದೇವೆ. ಆ ಹೊಲದ ಕೆಲಸ ಹೋದರೆ ಇವರು ಮನೆಗೆ ವಾಪಸ್ ಎಂದು ಬರೆದಿರಬಹುದು. ಮನೆಗೆ ಬಂದು ಏನು ಮಾಡುತ್ತಾರೆ ಎಂಬುದನ್ನು ಬರೆದಿರಲಾರರು.

ಇನ್ನೊಂದು ಮಾತು. ವಕೀಲರ ರೇಡಿಯೋದ ಕತೆ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಟ್ಯೂಬ್‌ಲೈಟೆಂದು ಕ್ಯಾತ ಕೂತಲ್ಲೇ ಹೇಳಿದ, ಅಂಥ ಕಿವಿ ಈ ಜಿಲ್ಲೆಯಲ್ಲೇ ಇಲ್ಲ ಎಂದು ನನಗೆ ಹೇಳುತ್ತಾರೆ, ನಮ್ಮತ್ತೆಗೆ ಹೇಳುತ್ತಾರೆ, ಹಾಲಿನವನಿಗೂ ಹೇಳಿದ್ದಾರೆ. ನಿನಗೆ ಹೇಳಲು ಮಾತ್ರ ಬಾಯಿ ಬರುವುದಿಲ್ಲ. ನೀನು ಇಷ್ಟು ದಿನ ಸಿಟ್ಟಿನಲ್ಲಿದ್ದೆ, ತಪ್ಪೆನ್ನುವುದಿಲ್ಲ. ಇನ್ನು ಮೂರು ವಾರ ಆ ಸಿಟ್ಟನ್ನು ಪಕ್ಕಕ್ಕಿಟ್ಟರೆ ನನ್ನ ಮನೆ ಉಳಿಯುತ್ತದೆ ಅಣ್ಣ.

ಇಂತಿ ನಿನ್ನ ತಂಗಿ,
ರಾಮಾಂಜಿನಮ್ಮ


ಶಿರಾ
14 ನವೆಂಬರ್ 1987

ತಂಗಿ ರಾಮಾಂಜಿನಮ್ಮನಿಗೆ,

ನಿನ್ನ ಕಾಗದ ಓದಿದ ದಿನ ನಾನು ಅಂಗಡಿ ತೆಗೆಯಲಿಲ್ಲ. ಅವನನ್ನು ಆಟವಾಡಿಸಿ ನಾನೂ ನನ್ನ ಹೆಂಡತಿಯೂ ನಕ್ಕದ್ದು ನೆನೆದು ನಾಚಿಕೆಯಾಯಿತು. ಅಂಗಡಿ ಇದೆ, ಬಿದ್ದರೂ ಮೆತ್ತಗೆ ಬೀಳುತ್ತಾನೆ ಎಂದುಕೊಂಡಿದ್ದೆ.

ಸುಮ್ಮನಿರುವ ಟೀವಿ ಎಲ್ಲಿದೆ ಎಂದು ನನಗೆ ಮೊದಲ ದಿನದಿಂದಲೂ ಗೊತ್ತು. ನನ್ನ ಮನೆಯಲ್ಲೇ ಇದೆ. ಎರಡೇ ಹೆಜ್ಜೆ. ಗುರುವಾರ ಬೆಳಗಿನ ಬಸ್ಸಿಗೆ ತರುತ್ತೇನೆಂದು ಅವನಿಗೆ ಹೇಳು. ಭಾನುವಾರ ನಮ್ಮ ಮನೆಯಲ್ಲಿ ಟೀವಿ ನೋಡುವ ಮೂವತ್ತು ಜನಕ್ಕೆ ಏನು ಹೇಳುವುದೆಂದು ಕರಿಯಕ್ಕ ಕೇಳಿದಳು. ಸತ್ತುಹೋಗಿದೆ ಅನ್ನು ಎಂದಿದ್ದೇನೆ.

ನಿನ್ನ ಅಣ್ಣ,
ಕ್ಯಾತಣ್ಣ


ಐ.ಡಿ.ಹಳ್ಳಿ
24 ನವೆಂಬರ್ 1987

ಕ್ಯಾತ,

ಗುರುವಾರ ನೀನು ಟೀವಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿಳಿದಾಗ ನಿನ್ನ ಎರಡೂ ಕಾಲು ಜೋಮು ಹಿಡಿದಿದ್ದವು. ಆದರೂ ನೀನು ಕೂರಲಿಲ್ಲ. ನೀರು ಕುಡಿದು, “ಒಳಗಿನ ಕರಿ ವೈರು ಭೂಮಿಗೆ ಕೊಡು, ಮರೀಬ್ಯಾಡ” ಎಂದು ಅದೇ ಬಸ್ಸಿಗೆ ವಾಪಸ್ ಹತ್ತಿದೆ. ಹೇಳಬೇಕೆಂದಿದ್ದ ಮಾತು ನನ್ನ ಬಾಯಲ್ಲೇ ಉಳಿಯಿತು. ಇಲ್ಲಿ ಬರೆಯುತ್ತೇನೆ.

ಶನಿವಾರ ಸಾಹೇಬರು ಬಂದರು. ನಿನ್ನ ಟೀವಿಯನ್ನು ತಿರುಗು ಮೇಜಿನ ಮೇಲಿಟ್ಟು ಒಂಟಿಯಾಗಿ ಹಚ್ಚಿದೆವು. ಮೇಜು ಒಂದು ಸುತ್ತು ತಿರುಗಿತು, ಆಂಟೆನಾ ಹತ್ತಿ ಇಳಿಯಿತು. ಮುಳ್ಳು ಕೆಂಪು ಗೆರೆಯ ಹತ್ತಿರಕ್ಕೂ ಸುಳಿಯಲಿಲ್ಲ. ಮೀಟರು ಕೆಟ್ಟಿರಬೇಕೆಂದು ಸಾಹೇಬರು ಅದನ್ನು ಎರಡು ಸಲ ತಟ್ಟಿದರು. ಆಮೇಲೆ ಆಟದ ಪೆಟ್ಟಿಗೆ ಸಿಕ್ಕಿಸಿ ಅಳೆದೆವು. ಅದೂ ಪಾಸಾಯಿತು. ಇಷ್ಟು ದಿನ ಬೈಸಿಕೊಂಡಿತಲ್ಲ, ಅದರದು ತಪ್ಪೇ ಇರಲಿಲ್ಲ.

ಸಾಹೇಬರು ಟೀವಿಯ ಹಿಂಭಾಗ ಬಿಚ್ಚಿಸಿದರು. ಮರದ ಪೆಟ್ಟಿಗೆಯ ಒಳಗೆಲ್ಲ ತಗಡು, ಒಂದು ಸೂಜಿ ತೂರುವಷ್ಟೂ ಸಂದಿಲ್ಲದ ಬೆಸುಗೆ. ಇಷ್ಟು ಒಳ್ಳೆಯ ಕೆಲಸ ಯಾರದು ಎಂದು ನನ್ನನ್ನು ಕೇಳಿದರು. ನನ್ನದು ಎಂದಿದ್ದರೆ ನಂಬುತ್ತಿದ್ದರು. ಒಂದು ಗಳಿಗೆ ಆಸೆಯೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ವಕೀಲರ ಮನೆಯಲ್ಲಿ ಒಂದು ಸಲ ಮಾಡಿದ್ದನ್ನು ಮತ್ತೆ ಮಾಡಲು ನಾಲಿಗೆ ಏಳಲಿಲ್ಲ. ಶಿರಾದ ಕ್ಯಾತಣ್ಣನದು ಎಂದೆ. ಅವತ್ತಿನ ಟ್ಯೂಬ್‌ಲೈಟಿನ ಕತೆಯನ್ನೂ ಹೇಳಿದೆ. ನೀನು ಹೇಳಿದ್ದೇ ಸರಿ ಕ್ಯಾತ. ನಾನು ಮಾಡಿದ್ದು ತಪ್ಪು.

ಹಾಗಾದರೆ ಖಾಯಂ ಕೆಲಸ ಆ ಮನುಷ್ಯನಿಗೇ ಸಲ್ಲಬೇಕು ಎಂದು ಸಾಹೇಬರು ಹೇಳಿದರು. ಇರುವುದು ಒಂದೇ ಜಾಗ. ತಿಂಗಳ ಕೊನೆಗೆ ನಿನಗೆ ಆರ್ಡರು ಬರುತ್ತದೆ. ಬೇಡವೆನ್ನಬೇಡ. ನನ್ನ ಚಿಂತೆ ನಿನಗೆ ಬೇಡ, ಮಧುಗಿರಿಯಲ್ಲಿ ಅಂಗಡಿ ಹೇಗೂ ಇದೆ.

ನಿನ್ನ,
ಗಂಗ


ಶಿರಾ
27 ನವೆಂಬರ್ 1987

ಪರೀಕ್ಷಾ ಕ್ಷೇತ್ರದ ಸಾಹೇಬರ ಸಮ್ಮುಖಕ್ಕೆ,

ಶಿರಾದ ಟೀವಿ ರಿಪೇರಿ ಕ್ಯಾತಣ್ಣ ಬಿನ್ನವಿಸಿಕೊಳ್ಳುವುದು.

ನನ್ನ ಟೀವಿಯೊಳಗಿನ ತಗಡನ್ನು ನಾನು ಹೊಡೆದೆನೆಂದು ತಾವು ನನಗೆ ಕೆಲಸ ಕೊಡುವ ಸುದ್ದಿ ಕೇಳಿದೆ. ತಾವು ಮೋಸಹೋಗಬಾರದೆಂದು ನಿಜ ತಿಳಿಸುತ್ತಿದ್ದೇನೆ. ನಮ್ಮ ಮನೆಯಲ್ಲಿ ಇಲಿಗಳ ಕಾಟ ವಿಪರೀತ. ಟೀವಿಯ ಹಿಂದೆ ಬೆಚ್ಚಗಿರುತ್ತದೆಂದು ಒಳಗೆ ಹೊಕ್ಕು ವೈರು ಕಡಿಯುತ್ತಿದ್ದವು. ನಾನು ಊರಲ್ಲಿಲ್ಲದಾಗ ನನ್ನ ಹೆಂಡತಿ ಕರಿಯಕ್ಕ ತಗಡಿನ ಕೆಲಸದವರನ್ನು ಕರೆಸಿ, ಎಣ್ಣೆ ಡಬ್ಬ ಬಿಡಿಸಿ, ಒಳಗೆಲ್ಲ ತಗಡು ಹೊಡೆಸಿದಳು. ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಅದಕ್ಕೊಂದು ತಂತಿ ಕಟ್ಟಿಸಿ ಬಚ್ಚಲ ಹಿಂದಿನ ಹಸಿ ನೆಲಕ್ಕೆ ಹೂಳಿಸಿದಳು. ಗೊರಗೊರ ತಾನಾಗಿ ನಿಂತಿತು. ನನ್ನ ವಿದ್ಯೆ ಇದರಲ್ಲಿ ಎಳ್ಳಷ್ಟೂ ಇಲ್ಲ. ಇಷ್ಟು ದಿನ ನನ್ನದೆಂದು ಜಂಬ ಕೊಚ್ಚಿಕೊಂಡಿದ್ದೆ, ಕ್ಷಮಿಸಬೇಕು. ಕೆಲಸ ಕೊಡುವುದೇ ಆದರೆ ಇಲಿಗಳಿಗೆ ಕೊಡಬೇಕಾಗುತ್ತದೆ.

ಗಂಗಾಧರಯ್ಯನ ವಿಷಯ ಒಂದು ಮಾತು. ಅವನು ಟ್ರಾನ್ಸಿಸ್ಟರ್ ಹಿಡಿದು ಮೂರು ತಾಲ್ಲೂಕು ಹಿಂದುಹಿಂದಕ್ಕೆ ನಡೆದಿದ್ದಾನೆ. ಹದಿನಾಲ್ಕನ್ನು ಹದಿನಾಲ್ಕೆಂದೂ ಇಪ್ಪತ್ತೊಂದನ್ನು ಇಪ್ಪತ್ತೊಂದೆಂದೂ ಬರೆದಿದ್ದಾನೆ. ಸೊನ್ನೆ ಬಂದಿದ್ದನ್ನು, ಅದು ತಪ್ಪೆಂದು ತಿಳಿದ ಕೂಡಲೇ ತಾನೇ ಹೊಡೆದುಹಾಕಿದ್ದಾನೆ. ತನ್ನ ಕೆಲಸ ಹೋಗುತ್ತದೆಂದು ಗೊತ್ತಿದ್ದೂ ತಮ್ಮ ಮುಂದೆ ಇನ್ನೊಬ್ಬನ ಹೆಸರು ಹೇಳಿದ್ದಾನೆ. ಅಳೆಯುವ ಜಾಗದಲ್ಲಿ ಕೂರಲು ಇಂಥವನೇ ಬೇಕೆಂದು ನನ್ನ ಅಲ್ಪ ತಿಳುವಳಿಕೆ. ಟೀವಿ ಅಲ್ಲೇ ಇರಲಿ.

ತಮ್ಮ ವಿಧೇಯ,
ಕ್ಯಾತಣ್ಣ
ಸಾಕ್ಷಿ: ಕರಿಯಕ್ಕನ ಹೆಬ್ಬೆಟ್ಟಿನ ಗುರುತು


ಶಿರಾ
21 ಡಿಸೆಂಬರ್ 1987

ರಾಮಾಂಜಿನಿ,

ನಾನು ಕಣಮ್ಮ, ಕರಿಯಕ್ಕ. ಬರೀತಿರೋರು ಯಾವಾಗಿನಂಗೆ ಪಕ್ಕದ್ಮನೆ ಟೀಚರಮ್ಮ ಮಹಾಲಕ್ಷ್ಮಮ್ಮ. ನಾ ಹೇಳ್ದಂಗೇ ಬರೀರಿ, ಚೆಂದ ಮಾಡಕ್ಕೆ ಹೋಗ್ಬ್ಯಾಡಿ ಅಂದಿವ್ನಿ.

ನಿಮ್ಮನೆಯೋರು ಆರ್ಡರ್ ಕಾಗ್ದ ಹಿಡ್ಕಂಡು ನೆನ್ನೆ ಬಂದಿದ್ರು. ಕೆಲ್ಸ ಖಾಯಂ ಆಯ್ತು ಅಂತ ಕೇಳಿ ನನ್ ಹೊಟ್ಟೆ ತಣ್ಣಗಾಯ್ತು ಕಣೆ. ಇಬ್ರೂ ಜಗಲಿ ಮ್ಯಾಲೆ ಬೆಳಗ್ನಿಂದ ಸಂಜೆಗಂಟ ಕುಂತಿದ್ರು. ಐದು ವರ್ಷದ್ದು ಎಲ್ಲಾ ಮಾತಾಡುದ್ರು, ಆ ತಗಡಿನ ವಿಚಾರ ಮಾತ್ರ ಒಬ್ರೂ ಎತ್ತಲಿಲ್ಲ.

ನಿಂಗೆ ನಿಜ ಹೇಳ್ತೀನಿ. ಆ ತಗಡು ಹೊಡ್ದಿದ್ದು ಇವ್ನೇ. ನಾಕು ಭಾನುವಾರ ಕುಂತು ಬೆಸುಗೆ ಹಾಕ್ದ, ಹೆಬ್ಬೆಟ್ಟು ಕುಯ್ಕಂಡ. ಯಾಕಪ್ಪ ಇಷ್ಟು ಒದ್ದಾಡ್ತೀಯ, ಚಿತ್ರ ಚೆನ್ನಾಗೇ ಬರ್ತೈತಲ್ಲ ಅಂದ್ರೆ, ಗಂಗ ಯಾವತ್ತಾದ್ರೂ ಮನೆಗೆ ಬಂದ್ರೆ ನಮ್ಮ ಟೀವಿ ಗೊರಗುಟ್ಟಿಸ್ಬಾರ್ದು, ಅವ್ನು ನಗ್ತಾನೆ ಅಂದ. ಅವ್ನ ಜೀವಮಾನದಾಗೆ ಅಷ್ಟು ಚೆಂದದ ಕೆಲ್ಸ ಇನ್ನೊಂದು ಮಾಡಿಲ್ಲ. ಅದ್ನ ನಂದಲ್ಲ ಅಂತ ಬರೆಯೋವಾಗ ಪೆನ್ನು ಮೂರು ಸಲ ಕೆಳಗಿಟ್ಟ. ನಾ ನೋಡ್ತಾ ಕುಂತಿದ್ದೆ, ಕಣ್ಣಾಗೆ ನೀರು ಬಂತು.

ನಿಮ್ಮನೆಯೋರಿಗೆ ನೀನೇನೂ ಹೇಳ್ಬ್ಯಾಡ. ಅವ್ರಿಗೆ ಗೊತ್ತು. ಹೊರಡೋವಾಗ ನನ್ನ ಮಖ ನೋಡಿ “ಅತ್ತಿಗೆ, ಇಲಿ ಕಾಟ ಹೆಂಗೈತೆ ಈಗ” ಅಂದ್ರು. ಅಂದು ಅತ್ಲಾಗೆ ತಿರುಗಿ ಕಣ್ಣೊರಸ್ಕಂಡ್ರು.

ಎಲ್ಲಾ ಸರಿಹೋಯ್ತು, ನಂಗೆ ಅದೇ ಸಂತೋಷ. ಆದ್ರೆ ಒಂದು ಕೇಳು. ಈ ಬೀದೀಲಿ ನನ್ನಷ್ಟು ಚೊಕ್ಕ ಮನೆ ಇಟ್ಟಿರೋಳು ಇನ್ನೊಬ್ಬಳಿಲ್ಲ. ನಮ್ಮನೇಲಿ ಒಂದು ಇಲಿ ಇಲ್ಲ, ಇಲಿಮರಿ ಇಲ್ಲ. ಈಗ ಗಂಗಣ್ಣನ ಕೆಲ್ಸದ ಜೊತೆಗೆ ನಮ್ಮನೆ ಇಲಿಗಳೂ ಆಫೀಸಿನ ಫೈಲ್ನಾಗೆ ಖಾಯಂ ಆಗೋದ್ವು, ಅದೂ ನನ್ನ ಹೆಬ್ಬೆಟ್ಟು ಒತ್ತಿ.

ಇಂತಿ ನಿನ್ನಕ್ಕ,
ಕರಿಯಕ್ಕ